ರಕ್ಷಣಾ ಕಂಪನಿಗಳ ಇಟಿಎಫ್‌ಗೆ ಹಣ ಹಾಕುವ ಮುನ್ನ ಏನೇನು ನೋಡಬೇಕು?

ನಿಧಾನಿ:
ಎಲ್ಲರಿಗೂ ನಮಸ್ಕಾರ. ನನ್ನ ಉಳಿತಾಯದ ಬಹುಪಾಲು ಒಂದು ಜಾಗತಿಕ ಸೂಚ್ಯಂಕ ಫಂಡ್‌ನಲ್ಲಿದೆ. ಅದರ ಜೊತೆಗೆ ಶೇ. 5ರಷ್ಟು ಹಣವನ್ನು ಬೇರೆ ಬೇರೆ ದೇಶಗಳ ರಕ್ಷಣಾ ಕಂಪನಿಗಳಿರುವ ಇಟಿಎಫ್‌ಗೆ (ಷೇರಿನಂತೆಯೇ ಪೇಟೆಯಲ್ಲಿ ಕೊಳ್ಳುವ ಫಂಡ್) ಹಾಕಬೇಕು ಅಂತಿದ್ದೇನೆ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕದಲ್ಲಿ 2024ರಲ್ಲಿ ಪ್ರಪಂಚದ ಮಿಲಿಟರಿ ಖರ್ಚು ಸುಮಾರು 2.7 ಲಕ್ಷ ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಶೇ. 9.4 ಜಾಸ್ತಿ. ಜೂನ್ 2025ರಲ್ಲಿ ಹೇಗ್‌ನಲ್ಲಿ ಸೇರಿದ ನೇಟೊ ದೇಶಗಳು 2035ರ ಹೊತ್ತಿಗೆ ಜಿಡಿಪಿಯ ಶೇ. 5ನ್ನು ರಕ್ಷಣೆಗೂ ಅದಕ್ಕೆ ಸಂಬಂಧಿಸಿದ ಖರ್ಚುಗಳಿಗೂ ಎತ್ತಿಡುತ್ತೇವೆ ಎಂದು ಒಪ್ಪಿಕೊಂಡಿವೆ. ಇಷ್ಟು ದುಡ್ಡು ಹರಿಯುವ ಕಡೆ ಕಂಪನಿಗಳೂ ಬೆಳೆಯಬೇಕಲ್ವಾ?

ಮೂರು ಫಂಡ್ ನೋಡಿಟ್ಟಿದ್ದೇನೆ. ಅಮೆರಿಕದ ಐಷೇರ್ಸ್ ಐಟಿಎ, ಐರ್ಲೆಂಡಿನಲ್ಲಿ ನೋಂದಾಯಿತವಾದ ವ್ಯಾನ್‌ಎಕ್ ಡಿಫೆನ್ಸ್, ಆಮೇಲೆ ವಿಸ್ಡಮ್‌ಟ್ರೀಯವರ ಯುರೋಪ್ ಡಿಫೆನ್ಸ್. ಯಾವುದು ಒಳ್ಳೆಯದು? ಬಿಡಿ ಷೇರು ಆರಿಸುವಷ್ಟು ಪುರುಸೊತ್ತು ನನಗಿಲ್ಲ.

ಹಳೆಲೆಕ್ಕ:
ಯಾವುದು ಒಳ್ಳೆಯದು ಎಂಬ ಪ್ರಶ್ನೆ ಆಮೇಲೆ ಬರಲಿ ಸರ್. ಈ ಮೂರೂ ಒಂದೇ ಜಾತಿಯ ಫಂಡ್‌ಗಳು ಅಂತ ನೀವು ಅಂದುಕೊಂಡಂತಿದೆ. ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಐಟಿಎ ಪೂರ್ತಿ ಅಮೆರಿಕದ ಕಂಪನಿಗಳ ಫಂಡ್. 2006ರಿಂದ ಇದೆ, ಶುಲ್ಕ ಶೇ. 0.4ರ ಆಸುಪಾಸು. ಅದರ ಹೋಲ್ಡಿಂಗ್ಸ್ ಪಟ್ಟಿ ತೆಗೆದು ನೋಡಿ. ಮೇಲಿನ ಸಾಲುಗಳಲ್ಲಿ ಜಿಇ ಏರೋಸ್ಪೇಸ್, ಆರ್‌ಟಿಎಕ್ಸ್, ಬೋಯಿಂಗ್ ಕಾಣುತ್ತವೆ. ಜಿಇ ಏರೋಸ್ಪೇಸ್‌ನ ವ್ಯಾಪಾರದಲ್ಲಿ ದೊಡ್ಡ ಪಾಲು ಪ್ರಯಾಣಿಕ ವಿಮಾನಗಳ ಎಂಜಿನ್ ಮತ್ತು ಅವುಗಳ ರಿಪೇರಿಯದು. ಬೋಯಿಂಗ್‌ನ ಕಥೆ ನಿಮಗೇ ಗೊತ್ತು. ಮಾರ್ಚ್ 2019ರಲ್ಲಿ 737 ಮ್ಯಾಕ್ಸ್ ಹಾರಾಟ ನಿಂತಾಗ ಈ ಫಂಡ್‌ನಲ್ಲಿ ಅತಿ ದೊಡ್ಡ ಪಾಲು ಬೋಯಿಂಗ್‌ನದೇ ಆಗಿತ್ತು. 2020ರ ಮಾರ್ಚ್‌ನಲ್ಲಿ ವಿಮಾನ ಪ್ರಯಾಣ ನಿಂತಾಗ ಫಂಡ್ ಜೋರಾಗಿ ಬಿತ್ತು. ಆ ವರ್ಷ ಪ್ರಪಂಚದ ಒಟ್ಟು ಮಿಲಿಟರಿ ಖರ್ಚು ಕಡಿಮೆಯಾಗಿರಲಿಲ್ಲ. ಆದರೂ ಬಿತ್ತು.

ಇದು ಹೀಗಾಗಲು ಕಾರಣ ವರ್ಗೀಕರಣ. ಷೇರುಪೇಟೆಯಲ್ಲಿ ಎಲ್ಲರೂ ಬಳಸುವ ಉದ್ಯಮ ಪಟ್ಟಿಯಲ್ಲಿ 'ಏರೋಸ್ಪೇಸ್ ಮತ್ತು ಡಿಫೆನ್ಸ್' ಒಂದೇ ಗುಂಪು. ಆ ಗುಂಪಿನ ಮೇಲೆ ಕಟ್ಟಿದ ಫಂಡ್ ತಗೊಂಡರೆ ಹಣದ ದೊಡ್ಡ ಪಾಲು ನಾಗರಿಕ ವಿಮಾನಯಾನಕ್ಕೆ ಹೋದಂತೆಯೇ.

ವ್ಯಾನ್‌ಎಕ್‌ನದು ಬೇರೆ ರೀತಿ. ಕಂಪನಿಯ ಆದಾಯದಲ್ಲಿ ರಕ್ಷಣೆಯ ಪಾಲು ಎಷ್ಟು ಅಂತ ನೋಡಿ ಆರಿಸುತ್ತದೆ, ಒಂದೇ ದೇಶಕ್ಕೆ ಸೀಮಿತವಲ್ಲ. ಹಾಗಾಗಿ ಫ್ರಾನ್ಸಿನ ಥೇಲ್ಸ್, ಇಟಲಿಯ ಲಿಯೊನಾರ್ಡೊ, ಸ್ವೀಡನ್ನಿನ ಸಾಬ್, ಕೊರಿಯಾದ ಹನ್ವಾ ಏರೋಸ್ಪೇಸ್ ಎಲ್ಲ ಅಲ್ಲಿವೆ. ಸಾಫ್ಟ್‌ವೇರ್ ಕಂಪನಿ ಪಲಾಂಟೀರ್ ಕೂಡ ಇದೆ. ಆದರೆ ವಿವಾದಿತ ಶಸ್ತ್ರಗಳ ಕಂಪನಿಗಳನ್ನು ಬಿಡುವ ನಿಯಮವಿದೆ. ಅದರಿಂದ 2025ರ ಪಟ್ಟಿಯಲ್ಲಿ ಲಾಕ್‌ಹೀಡ್ ಮಾರ್ಟಿನ್ ಇಲ್ಲ. ಪ್ರಪಂಚದ ಅತಿ ದೊಡ್ಡ ಶಸ್ತ್ರ ಕಂಪನಿಯೇ ಇಲ್ಲದ ರಕ್ಷಣಾ ಫಂಡ್ ಅದು. ತಪ್ಪು ಅಂತ ಹೇಳುತ್ತಿಲ್ಲ, ಕೊಳ್ಳುವವರಿಗೆ ಗೊತ್ತಿರಬೇಕು ಅಷ್ಟೇ.

ವಿಸ್ಡಮ್‌ಟ್ರೀಯದು ಹೆಸರೇ ಹೇಳುವಂತೆ ಯುರೋಪಿನ ಕಂಪನಿಗಳು ಮಾತ್ರ. ಅಂದರೆ ಮೂರು ಫಂಡ್, ಮೂರು ಬೇರೆ ಬೇರೆ ಪಣ.

ರೆಕ್ಕೆಪುಕ್ಕ:
ಒಂದು ಎಚ್ಚರಿಕೆ, ಸಣ್ಣದಾದರೂ ಮುಖ್ಯವಾದದ್ದು. ವ್ಯಾನ್‌ಎಕ್ ಡಿಫೆನ್ಸ್ ಫಂಡ್ ಜರ್ಮನಿಯ ಎಕ್ಸ್‌ಚೇಂಜ್‌ನಲ್ಲಿ 'ಡಿಎಫ್‌ಇಎನ್' ಎಂಬ ಸಂಕೇತದಲ್ಲಿ ಸಿಗುತ್ತದೆ. ಅಮೆರಿಕದ ಪೇಟೆಯಲ್ಲಿ ಅದೇ 'ಡಿಎಫ್‌ಇಎನ್' ಅಂತ ಹುಡುಕಿದರೆ ಡೈರೆಕ್ಸಿಯನ್‌ನವರ ಮೂರು ಪಟ್ಟು ಲೆವರೇಜ್ ಫಂಡ್, ಅಂದರೆ ಸೂಚ್ಯಂಕದ ದಿನದ ಏರಿಳಿತವನ್ನು ಮೂರು ಪಟ್ಟು ಮಾಡುವ ಫಂಡ್ ಬರುತ್ತದೆ. ಸೂಚ್ಯಂಕ ಒಂದು ದಿನ ಶೇ. 4 ಬಿದ್ದರೆ ಅದು ಶೇ. 12 ಬೀಳುವಂಥದ್ದು. ಲೆಕ್ಕವನ್ನು ಪ್ರತಿದಿನ ಹೊಸದಾಗಿ ಶುರು ಮಾಡುವುದರಿಂದ, ಪೇಟೆ ಮೇಲೆ ಕೆಳಗೆ ಆಡುತ್ತಾ ಇದ್ದಲ್ಲೇ ಇದ್ದರೂ ಅದು ಸವೆಯುತ್ತದೆ. ವರ್ಷಗಟ್ಟಲೆ ಇಟ್ಟುಕೊಳ್ಳಲು ಮಾಡಿದ್ದಲ್ಲ ಅದು. ಆರ್ಡರ್ ಹಾಕುವಾಗ ಸಂಕೇತ ನಂಬಬೇಡಿ, ಪ್ರತಿ ಫಂಡ್‌ಗೂ ಬೇರೆ ಬೇರೆ ಇರುವ ಹನ್ನೆರಡು ಅಕ್ಷರದ ಐಸಿನ್ ಗುರುತಿನ ಸಂಖ್ಯೆ ತಾಳೆ ನೋಡಿ.

ನಿಧಾನಿ:
ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಹಳೆಲೆಕ್ಕ ಸರ್, ಹಾಗಾದರೆ ಖರ್ಚು ಜಾಸ್ತಿಯಾದರೆ ಎಲ್ಲ ಕಂಪನಿಗೂ ಲಾಭ ಎಂಬ ನನ್ನ ಲೆಕ್ಕ ಸರಿ ತಾನೇ? ಅಷ್ಟನ್ನಾದರೂ ನಂಬಬಹುದಾ?

ಹಳೆಲೆಕ್ಕ:
ಎರಡು ಷೇರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜರ್ಮನಿಯ ರೈನ್‌ಮೆಟಾಲ್ ಫೆಬ್ರವರಿ 2022ರ ಮೊದಲು 100 ಯೂರೋ ಆಸುಪಾಸಿನಲ್ಲಿತ್ತು. 2025ರಲ್ಲಿ 1,500 ದಾಟಿತು. ಅದೇ ಲಾಕ್‌ಹೀಡ್ ಮಾರ್ಟಿನ್ 2022ರ ವಸಂತದಲ್ಲಿ 450 ಡಾಲರ್ ಸುತ್ತಮುತ್ತ ಇತ್ತು. 2025ರ ಜೂನ್‌ನಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಅದೇ ಉಕ್ರೇನ್ ಯುದ್ಧ, ಅದೇ ಮೂರು ವರ್ಷ.

ರೈನ್‌ಮೆಟಾಲ್‌ಗೆ ಹೊಸ ಗ್ರಾಹಕರು ಬಂದರು. ದಶಕಗಳಿಂದ ಸೈನ್ಯಕ್ಕೆ ಕಡಿಮೆ ಖರ್ಚು ಮಾಡುತ್ತಿದ್ದ ಜರ್ಮನಿ ಫೆಬ್ರವರಿ 2022ರಲ್ಲಿ 10,000 ಕೋಟಿ ಯೂರೋ ವಿಶೇಷ ನಿಧಿ ಘೋಷಿಸಿತು. ಮಾರ್ಚ್ 2025ರಲ್ಲಿ ಸಾಲಕ್ಕಿದ್ದ ಸಾಂವಿಧಾನಿಕ ಮಿತಿಯನ್ನೇ ರಕ್ಷಣೆಗಾಗಿ ಸಡಿಲಿಸಿತು. ಅಮೆರಿಕ ಮೊದಲಿಂದಲೂ ದೊಡ್ಡ ಗಿರಾಕಿ. ಅಲ್ಲಿ ಬೆಳವಣಿಗೆ ನಿಧಾನ, ಜೊತೆಗೆ ಗುತ್ತಿಗೆಯ ಷರತ್ತು ಬಿಗಿ. ಈ ಗುತ್ತಿಗೆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಲೋಹದಕುಲುಮೆ:
ನನ್ನ ಕೆಲಸ ಭಾರೀ ಕೈಗಾರಿಕೆಯ ಖರೀದಿ ವಿಭಾಗದಲ್ಲಿ. ಈ ಗುತ್ತಿಗೆಗಳನ್ನು ಓದುವ ಅಭ್ಯಾಸ ಇದೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸರ್ಕಾರ ಶಸ್ತ್ರ ಕೊಳ್ಳುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಂದರಲ್ಲಿ ಆದ ಖರ್ಚಿನ ಮೇಲೆ ಇಂತಿಷ್ಟು ಲಾಭ ಕೊಡುತ್ತಾರೆ. ಇನ್ನೊಂದರಲ್ಲಿ ಬೆಲೆ ಮೊದಲೇ ನಿಗದಿ, ಖರ್ಚು ಮೀರಿದರೆ ಕಂಪನಿಯೇ ಹೊರಬೇಕು. ಎರಡನೆಯದರಲ್ಲಿ ಕಂಪನಿಗಳು ಕೈ ಸುಟ್ಟುಕೊಳ್ಳುತ್ತವೆ. ಬೋಯಿಂಗ್‌ನ ಕೆಸಿ-46 ಇಂಧನ ತುಂಬುವ ವಿಮಾನ ಇದಕ್ಕೆ ಪಾಠದಂಥ ಉದಾಹರಣೆ. ನಿಗದಿತ ಬೆಲೆಗೆ ಒಪ್ಪಿಕೊಂಡು ಇಲ್ಲಿಯವರೆಗೆ 700 ಕೋಟಿ ಡಾಲರ್‌ಗಿಂತ ಜಾಸ್ತಿ ನಷ್ಟ ಬರೆದುಕೊಂಡಿದೆ. ಜುಲೈ 2025ರಲ್ಲಿ ಲಾಕ್‌ಹೀಡ್ ಕೆಲವು ಯೋಜನೆಗಳ ಮೇಲೆ ಒಂದೇ ತ್ರೈಮಾಸಿಕದಲ್ಲಿ 160 ಕೋಟಿ ಡಾಲರ್ ನಷ್ಟ ತೋರಿಸಿತು. ಅದರಲ್ಲಿ ದೊಡ್ಡ ಭಾಗ ಒಂದು ರಹಸ್ಯ ವಿಮಾನ ಯೋಜನೆಯದು. ಯೋಜನೆ ಏನು ಅಂತ ಷೇರುದಾರರಿಗೆ ಹೇಳುವ ಹಾಗೂ ಇಲ್ಲ! ಷೇರು ಆ ದಿನವೇ ಶೇ. 10ಕ್ಕಿಂತ ಜಾಸ್ತಿ ಬಿತ್ತು. ಆಗ ಕಂಪನಿಯ ಕೈಯಲ್ಲಿದ್ದ ಆರ್ಡರ್ ಚರಿತ್ರೆಯಲ್ಲೇ ದೊಡ್ಡವುಗಳಲ್ಲಿ ಒಂದು. 2024ರ ಕೊನೆಗೆ 17,600 ಕೋಟಿ ಡಾಲರ್ ಇತ್ತು. ಆರ್ಡರ್ ಬುಕ್ ತುಂಬಿದೆ ಅಂದ ಮಾತ್ರಕ್ಕೆ ಲಾಭ ಬಂತು ಅಂತಲ್ಲ.

ಇನ್ನು ಉತ್ಪಾದನೆ. 155 ಮಿಲಿಮೀಟರ್ ಫಿರಂಗಿ ಗುಂಡನ್ನೇ ತಗೊಳ್ಳಿ. ಯುದ್ಧಕ್ಕೆ ಮೊದಲು ಅಮೆರಿಕ ತಿಂಗಳಿಗೆ ಸುಮಾರು 14,000 ಮಾಡುತ್ತಿತ್ತು. ಗುರಿ ಇಟ್ಟದ್ದು 1,00,000. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಕಾರ್ಖಾನೆಯಲ್ಲಿ ಉಕ್ಕಿನ ಉದ್ದನೆಯ ದಿಂಡನ್ನು ತುಂಡು ಮಾಡುತ್ತಾರೆ. ಕೆಂಪಗೆ ಕಾಯಿಸಿ, ಪ್ರೆಸ್‌ನಲ್ಲಿ ಒತ್ತಿ, ಒಳಗೆ ಟೊಳ್ಳಾಗಿಸುತ್ತಾರೆ. ಆಮೇಲೆ ತುದಿ ಚೂಪು ಮಾಡಿ, ಕಡೆದು, ಬಣ್ಣ ಬಳಿಯುತ್ತಾರೆ. ಸ್ಫೋಟಕ ತುಂಬುವುದು ಅಲ್ಲಲ್ಲ, ದೂರದ ಅಯೋವಾದಲ್ಲಿ. ಇಷ್ಟೆಲ್ಲ ನಡೆಯುವ ಕಾರ್ಖಾನೆ ಸರ್ಕಾರದ ಸ್ವತ್ತು. ಜನರಲ್ ಡೈನಾಮಿಕ್ಸ್ ಅದನ್ನು ನಡೆಸಿಕೊಡುತ್ತದೆ. ಗುಂಡಿನ ಬೇಡಿಕೆ ಏಳು ಪಟ್ಟು ಆದರೆ ಜನರಲ್ ಡೈನಾಮಿಕ್ಸ್ ಲಾಭವೂ ಏಳು ಪಟ್ಟು ಆಗುತ್ತದೆ ಅಂತ ಯಾರೂ ಅಂದುಕೊಳ್ಳಬಾರದು.

ಗುಂಡನ್ನು ದೂಡುವ ಮದ್ದಿಗೆ ನೈಟ್ರೋಸೆಲ್ಯುಲೋಸ್ ಬೇಕು. ಅದರ ಕಚ್ಚಾವಸ್ತು ಹತ್ತಿ. ಬೀಜದ ಮೇಲೆ ಉಳಿಯುವ ಚಿಕ್ಕ ನಾರು, ಲಿಂಟರ್ ಅಂತಾರೆ. ಯುರೋಪಿಗೆ ಅದು ಬಹಳ ಮಟ್ಟಿಗೆ ಚೀನಾದಿಂದ ಬರುತ್ತಿತ್ತು. ಬಜೆಟ್ ಎಷ್ಟೇ ಇರಲಿ, ಈ ನಾರು ಸಿಗದಿದ್ದರೆ ಕೆಲಸ ನಿಲ್ಲುತ್ತದೆ. ರೈನ್‌ಮೆಟಾಲ್ 2025ರಲ್ಲಿ ಜರ್ಮನಿಯ ನೈಟ್ರೋಸೆಲ್ಯುಲೋಸ್ ತಯಾರಕ ಹಾಗೆಡಾರ್ನ್ ಕಂಪನಿಯನ್ನು ಕೊಂಡದ್ದು ಇದೇ ಕಾರಣಕ್ಕೆ. ಅದೇ ವರ್ಷ ಆಗಸ್ಟ್‌ನಲ್ಲಿ ಉಂಟರ್‌ಲ್ಯೂಸ್‌ನಲ್ಲಿ ಹೊಸ ಗುಂಡಿನ ಕಾರ್ಖಾನೆ ತೆರೆದರು. ವರ್ಷಕ್ಕೆ 3,50,000 ಗುಂಡಿನ ಗುರಿ ಮುಟ್ಟಲು 2027 ಆಗಬೇಕು. ಮಂತ್ರಿಗಳು ಘೋಷಿಸಿದ ದಿನಕ್ಕೂ ಕಂಪನಿಯ ಖಾತೆಗೆ ಹಣ ಬೀಳುವ ದಿನಕ್ಕೂ ಮಧ್ಯೆ ವರ್ಷಗಳು ಹೋಗುತ್ತವೆ. ಷೇರಿನ ಬೆಲೆ ಮಾತ್ರ ಘೋಷಣೆಯ ಬೆಳಗ್ಗೆಯೇ ಏರಿಬಿಡುತ್ತದೆ.

ಮುಂಗೋಳಿ:
ಲೋಹದಕುಲುಮೆಯವರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಬೇರೆಯದೇ ಮಾತು ಎತ್ತುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ಈ ಹಣದಿಂದ ಮಾಡುವ ವಸ್ತು ಮನುಷ್ಯರನ್ನು ಕೊಲ್ಲುತ್ತದೆ. ಶೇ. 5 ಹಾಕುವವರು ಒಂದು ಸಲವಾದರೂ ಅದನ್ನು ನೇರವಾಗಿ ಯೋಚಿಸಬೇಕು. ಲಾಭ ಜಾಸ್ತಿ ಆಗಲಿ ಅಂತ ಬಯಸುವುದು, ಯುದ್ಧ ಮುಗಿದ ಸುದ್ದಿಗೆ ಷೇರು ಬಿತ್ತಲ್ಲ ಅಂತ ಕೊರಗುವುದು, ಇದು ನನಗೆ ಆಗುವುದಿಲ್ಲ. ನಾನು ಈ ಫಂಡ್‌ಗಳಿಂದ ದೂರ ಇದ್ದೇನೆ, ದೂರವೇ ಇರುತ್ತೇನೆ.

ಲೋಹದಕುಲುಮೆ:
ಮೇಡಂ, ಬೇಸರ ಯಾಕೆ? ಈ ಮಾತು ಬರದಿದ್ದರೆ ಚರ್ಚೆ ಅರ್ಧಂಬರ್ಧ ಆಗುತ್ತಿತ್ತು. ನನ್ನ ನಿಲುವು ಬೇರೆ. ಪಕ್ಕದ ದೇಶದ ಟ್ಯಾಂಕ್ ಗಡಿ ದಾಟಿ ಬಂದಾಗ ತಡೆಯಲು ಏನೂ ಇಲ್ಲದ ಜನರ ಸ್ಥಿತಿ ನೆನೆಸಿಕೊಂಡರೆ, ವಾಯುರಕ್ಷಣಾ ಕ್ಷಿಪಣಿ ಮಾಡುವವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅದೇ ಕಂಪನಿ ಆ ಕ್ಷಿಪಣಿಯನ್ನು ಯಾರಿಗೆ ಮಾರುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ. ಆ ಕಸಿವಿಸಿ ನನಗೂ ಇದೆ.

ಹಳೆಲೆಕ್ಕ:
ಇಬ್ಬರ ಮಧ್ಯೆ ಒಂದು ವಿಷಯ ಸೇರಿಸುತ್ತೇನೆ. ಫಂಡ್‌ಗಳು ಹೇಳುವ 'ವಿವಾದಿತ ಶಸ್ತ್ರ' ಎಂಬುದಕ್ಕೆ ಹಿನ್ನೆಲೆ ಇದೆ. ನೆಲಬಾಂಬ್ ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದ, ಕ್ಲಸ್ಟರ್ ಬಾಂಬ್ ನಿಷೇಧಿಸಿದ 2008ರ ಒಪ್ಪಂದ, ಜೊತೆಗೆ ರಾಸಾಯನಿಕ ಮತ್ತು ಜೈವಿಕ ಶಸ್ತ್ರಗಳ ನಿಷೇಧ. ಪರಮಾಣು ಶಸ್ತ್ರದ ಬಗ್ಗೆ ಮಾತ್ರ ಒಮ್ಮತ ಇಲ್ಲ. ಒಂದು ಫಂಡ್ ಬಿಡುತ್ತದೆ, ಇನ್ನೊಂದು ಇಟ್ಟುಕೊಳ್ಳುತ್ತದೆ. ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ ಪರಮಾಣು ಶಸ್ತ್ರದ ಭಾಗ ಮಾಡುತ್ತವೆ ಎಂಬ ಕಾರಣಕ್ಕೆ ದೊಡ್ಡ ದೊಡ್ಡ ಕಂಪನಿಗಳನ್ನು ವರ್ಷಗಟ್ಟಲೆ ಹೊರಗಿಟ್ಟಿತ್ತು. ಮುಂಗೋಳಿಯವರ ಹಾಗೆ ಪೂರ್ತಿ ದೂರ ಇರಲಾಗದಿದ್ದರೂ ಎಲ್ಲಿ ಗೆರೆ ಎಳೆಯಬೇಕು ಅಂತ ಯೋಚಿಸುವವರು ಫಂಡ್‌ನ ಕೈಪಿಡಿಯಲ್ಲಿ ಆ ಒಂದು ಪುಟ ಓದಲೇಬೇಕು.

ಮುಂಗೋಳಿ:
ಹಾಗೆ ನೋಡಿದರೆ ಜಾಗತಿಕ ಸೂಚ್ಯಂಕ ಫಂಡ್‌ನಲ್ಲೂ ಇವೇ ಕಂಪನಿಗಳಿವೆ, ಅಲ್ವಾ? ನಾನು ಈ ಪ್ರಶ್ನೆಯನ್ನು ಹಾಗೇ ಬಿಡಲಿಲ್ಲ. ರಕ್ಷಣಾ ಕಂಪನಿಗಳನ್ನು ಹೊರಗಿಡುವ ಸೂಚ್ಯಂಕದ ಫಂಡ್‌ಗೆ ಬದಲಾಯಿಸಿಕೊಂಡಿದ್ದೇನೆ. ಆ ಆಯ್ಕೆಯೂ ಇದೆ ಅಂತ ಓದುವವರಿಗೆ ತಿಳಿದಿರಲಿ.

ನಿಧಾನಿ:
ಮುಂಗೋಳಿ ಮೇಡಂ, ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿದೆ. ನಾನು ಲೋಹದಕುಲುಮೆಯವರ ಕಡೆಗೆ ವಾಲುತ್ತೇನೆ. ಆದರೆ ನೆಲಬಾಂಬ್, ಕ್ಲಸ್ಟರ್ ಬಾಂಬ್ ಹೊರಗಿಡುವ ಫಂಡೇ ಬೇಕು ಎಂಬುದು ಈಗ ಗಟ್ಟಿಯಾಯಿತು.

ಈಗ ಪ್ರಾಯೋಗಿಕ ಪ್ರಶ್ನೆ. ಅಮೆರಿಕದ ಫಂಡ್ ತಗೊಂಡರೂ ಐರ್ಲೆಂಡಿನದು ತಗೊಂಡರೂ ಒಂದೇನಾ? ಡಾಲರ್‌ನಲ್ಲಿ ಕೊಳ್ಳುವುದು ಸುರಕ್ಷಿತ ಅಂತಾರೆ, ನಿಜವೇ?

ಗಡಿಯಾಚೆ:
ಒಂದೇ ಅಲ್ಲ ಸರ್. ತೆರಿಗೆ ನಿಯಮ ನೀವು ಇರುವ ದೇಶದ ಮೇಲೆ ಹೋಗುತ್ತದೆ, ಅದನ್ನು ಲೆಕ್ಕಿಗರ ಹತ್ತಿರ ಕೇಳಿಕೊಳ್ಳಿ. ಎಲ್ಲರಿಗೂ ತಗಲುವ ಎರಡು ಸಂಗತಿ ಮಾತ್ರ ಹೇಳುತ್ತೇನೆ.

ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ವ್ಯಕ್ತಿ ತೀರಿಕೊಂಡರೆ, ಅವರ ಹೆಸರಲ್ಲಿರುವ ಅಮೆರಿಕದ ಸ್ವತ್ತಿನ ಮೇಲೆ ಅಲ್ಲಿನ ಎಸ್ಟೇಟ್ ತೆರಿಗೆ ಬೀಳುತ್ತದೆ. ವಿನಾಯಿತಿ ಬರೀ 60,000 ಡಾಲರ್‌ವರೆಗೆ. ಅದರ ಮೇಲೆ ದರ ಶೇ. 40ರವರೆಗೂ ಹೋಗುತ್ತದೆ. ಅಮೆರಿಕದಲ್ಲಿ ನೋಂದಾಯಿತವಾದ ಇಟಿಎಫ್ ಈ ಲೆಕ್ಕಕ್ಕೆ ಸೇರುತ್ತದೆ. ಐರ್ಲೆಂಡಿನ ಫಂಡ್ ಒಳಗೆ ಅದೇ ಅಮೆರಿಕದ ಷೇರುಗಳಿದ್ದರೂ ಸೇರುವುದಿಲ್ಲ. ಕೆಲವು ದೇಶಗಳಿಗೆ ಒಪ್ಪಂದದ ರಕ್ಷಣೆ ಇದೆ, ಬಹಳಷ್ಟಕ್ಕೆ ಇಲ್ಲ. ಹೆಚ್ಚಿನವರು ಇದನ್ನು ಯೋಚಿಸುವುದೇ ಇಲ್ಲ, ಕುಟುಂಬದವರಿಗೆ ತೊಂದರೆ ಆಮೇಲೆ ಗೊತ್ತಾಗುತ್ತದೆ. ಡಿವಿಡೆಂಡ್ ವಿಷಯದಲ್ಲಿ, ಒಪ್ಪಂದ ಇಲ್ಲದವರಿಗೆ ಅಮೆರಿಕ ಶೇ. 30 ಹಿಡಿಯುತ್ತದೆ. ಐರ್ಲೆಂಡಿನ ಫಂಡ್‌ಗೆ ಅದು ಶೇ. 15. ಯುರೋಪಿನಲ್ಲಿ ಇರುವ ಸಾಮಾನ್ಯ ಹೂಡಿಕೆದಾರರಿಗೆ ಈ ಯೋಚನೆಯೇ ಬೇಡ, ಅಲ್ಲಿನ ಮಾಹಿತಿಪತ್ರದ ನಿಯಮದಿಂದಾಗಿ ಅಮೆರಿಕದ ಇಟಿಎಫ್‌ಗಳನ್ನು ಬ್ರೋಕರ್‌ಗಳು ಅವರಿಗೆ ಮಾರುವುದಿಲ್ಲ.

ಎರಡನೆಯದು ಕರೆನ್ಸಿ. ಫಂಡ್ ಯಾವ ಕರೆನ್ಸಿಯಲ್ಲಿ ವ್ಯಾಪಾರ ಆಗುತ್ತದೆ ಎಂಬುದು ಬೆಲೆಯ ಚೀಟಿ ಮಾತ್ರ. ಒಳಗಿರುವ ಥೇಲ್ಸ್ ಯೂರೋದಲ್ಲಿ, ಸಾಬ್ ಸ್ವೀಡಿಷ್ ಕ್ರೋನದಲ್ಲಿ, ಹನ್ವಾ ವೋನ್‌ನಲ್ಲಿ. ನೀವು ಡಾಲರ್ ಕೊಟ್ಟು ಕೊಂಡ ಮಾತ್ರಕ್ಕೆ ಅವು ಡಾಲರ್ ಆಸ್ತಿ ಆಗುವುದಿಲ್ಲ. ಹೆಡ್ಜ್ ಮಾಡಿದ್ದು, ಅಂದರೆ ವಿನಿಮಯ ದರದ ಏರಿಳಿತದಿಂದ ರಕ್ಷಣೆ ಇದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬೇರೆ.

ರೆಕ್ಕೆಪುಕ್ಕ:
ಇನ್ನೂ ಎರಡು ಫಂಡ್ ಪಟ್ಟಿಗೆ ಹಾಕಿಕೊಳ್ಳಿ, ಹೋಲಿಸಿ ನೋಡಲು. ಹ್ಯಾನ್‌ಇಟಿಎಫ್‌ನವರ ಫ್ಯೂಚರ್ ಆಫ್ ಡಿಫೆನ್ಸ್ 2023ರಲ್ಲಿ ಬಂತು. ನೇಟೊ ಮತ್ತು ಅದರ ಮಿತ್ರ ದೇಶಗಳ ಕಂಪನಿಗಳು ಮಾತ್ರ, ಸೈಬರ್ ಭದ್ರತೆಗೂ ಜಾಗ ಇದೆ. ಅಮೆರಿಕದ್ದೇ ಬೇಕಾದರೆ ಎಕ್ಸ್‌ಎಆರ್ ಇದೆ. ಅದು ದೊಡ್ಡ ಕಂಪನಿಗೂ ಸಣ್ಣ ಕಂಪನಿಗೂ ಹತ್ತಿರ ಹತ್ತಿರ ಸಮನಾದ ಪಾಲು ಕೊಡುವುದರಿಂದ ಬೋಯಿಂಗ್ ಒಂದರ ಮೇಲೆ ಅಷ್ಟೊಂದು ನಿಲ್ಲುವುದಿಲ್ಲ.

ಹಳೆಲೆಕ್ಕ:
ನಿಧಾನಿಯವರು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ತಡವಾಯಿತಾ?

ಥೀಮ್ ಫಂಡ್‌ಗಳು ಹುಟ್ಟುವ ಸಮಯ ನೋಡಿ. ವ್ಯಾನ್‌ಎಕ್ ಬಂದದ್ದು 2023ರಲ್ಲಿ, ಯುದ್ಧ ಶುರುವಾಗಿ ವರ್ಷ ಕಳೆದ ಮೇಲೆ. ವಿಸ್ಡಮ್‌ಟ್ರೀ ಬಂದದ್ದು ಮಾರ್ಚ್ 2025ರಲ್ಲಿ. ಯುರೋಪಿಯನ್ ಒಕ್ಕೂಟ 80,000 ಕೋಟಿ ಯೂರೋ ಯೋಜನೆ ಘೋಷಿಸಿದ ತಿಂಗಳೇ ಅದು. ಕೆಲವೇ ವಾರಗಳಲ್ಲಿ 100 ಕೋಟಿ ಡಾಲರ್‌ಗಿಂತ ಜಾಸ್ತಿ ಹಣ ಬಂತು. ರೈನ್‌ಮೆಟಾಲ್ ಅಷ್ಟು ಹೊತ್ತಿಗೆ ಹತ್ತು ಪಟ್ಟಿಗಿಂತ ಹೆಚ್ಚಾಗಿತ್ತು. ಇಟ್ಜಾಕ್ ಬೆನ್-ಡೇವಿಡ್ ಮತ್ತು ಸಂಗಡಿಗರು ಅಮೆರಿಕದ ಇಂಥ ವಿಶೇಷ ಇಟಿಎಫ್‌ಗಳನ್ನು ಅಧ್ಯಯನ ಮಾಡಿದ್ದಾರೆ. ಥೀಮ್ ಎಲ್ಲರ ಬಾಯಲ್ಲಿದ್ದಾಗ ಅವು ಹುಟ್ಟುತ್ತವೆ, ಹುಟ್ಟಿದ ಮೇಲೆ ಅಪಾಯ ಲೆಕ್ಕ ಹಾಕಿ ನೋಡಿದರೆ ಪೇಟೆಗಿಂತ ಹಿಂದೆ ಬೀಳುತ್ತವೆ ಎಂಬುದು ಅವರು ಕಂಡದ್ದು. ಒಳಗಿನ ಷೇರುಗಳು ಆಗಲೇ ದುಬಾರಿ ಆಗಿರುತ್ತವೆ, ಅದೇ ಕಾರಣ. ರಕ್ಷಣಾ ಫಂಡ್‌ಗೂ ಹೀಗೇ ಆಗುತ್ತದೆ ಅಂತ ಬರೆದುಕೊಡಲು ಆಗುವುದಿಲ್ಲ. ಆದರೆ 2.7 ಲಕ್ಷ ಕೋಟಿ ಡಾಲರ್ ಅಂಕಿ ನಿಮಗೆ ಗೊತ್ತಿದ್ದರೆ, ಷೇರು ಮಾರುವವರಿಗೂ ಗೊತ್ತಿದೆ. ಬೆಲೆಯಲ್ಲಿ ಅದು ಸೇರಿಹೋಗಿದೆ. ನೀವು ಗೆಲ್ಲಬೇಕಾದರೆ ಖರ್ಚು ಜನ ಎಣಿಸಿದ್ದಕ್ಕಿಂತ ಇನ್ನೂ ಜಾಸ್ತಿ ಆಗಬೇಕು.

ಇಳಿಯುವ ದಿನಗಳನ್ನೂ ನೆನಪಿಡಿ. ಆಗಸ್ಟ್ 2025ರಲ್ಲಿ ಉಕ್ರೇನ್ ಶಾಂತಿ ಮಾತುಕತೆಯ ಸುದ್ದಿಗೆ ಯುರೋಪಿನ ರಕ್ಷಣಾ ಷೇರುಗಳೆಲ್ಲ ಒಟ್ಟಿಗೇ ಬಿದ್ದವು. ಒಟ್ಟಿಗೆ ಬೀಳುವುದೇ ಇಲ್ಲಿ ಮುಖ್ಯ ಮಾತು. ಮೂವತ್ತು ಕಂಪನಿ ಇದ್ದರೂ ಗಿರಾಕಿಗಳು ಅದೇ ಕೆಲವು ಸರ್ಕಾರಗಳು. ಶೀತಲ ಸಮರ ಮುಗಿದ ಮೇಲೆ, 1993ರಲ್ಲಿ ಆಗಿನ ರಕ್ಷಣಾ ಉಪಕಾರ್ಯದರ್ಶಿ ವಿಲಿಯಂ ಪೆರಿ, ಅಮೆರಿಕದ ಶಸ್ತ್ರ ಕಂಪನಿಗಳ ಮುಖ್ಯಸ್ಥರಿಗೆ ಪೆಂಟಗನ್‌ನ ಒಂದು ಊಟದಲ್ಲಿ, ನಿಮ್ಮಲ್ಲಿ ಬಹಳ ಜನಕ್ಕೆ ಇನ್ನು ಕೆಲಸ ಇರುವುದಿಲ್ಲ ಎಂಬ ಸಂಗತಿಯನ್ನು ಮುಖಕ್ಕೆ ಹೇಳಿದರು. ಕಂಪನಿಗಳು ಒಂದರಲ್ಲೊಂದು ಸೇರಿ, 51 ಇದ್ದ ದೊಡ್ಡ ಗುತ್ತಿಗೆದಾರರು ಕೊನೆಗೆ 5ಕ್ಕೆ ಇಳಿದರು. ಬಜೆಟ್ ಏರಿದಂತೆ ಇಳಿಯುವುದೂ ಉಂಟು, 30 ವರ್ಷ ಇಡುವವರು ಎರಡನ್ನೂ ನೋಡಬೇಕಾಗುತ್ತದೆ.

ಲೋಹದಕುಲುಮೆ:
ಹಳೆಲೆಕ್ಕ ಸರ್ ಮಾತಿಗೆ ಸ್ವಲ್ಪ ತಕರಾರು. 1993ರ ಹೊತ್ತಿಗೆ ಉಗ್ರಾಣ ತುಂಬಿತ್ತು. ಈಗ ಖಾಲಿ ಇದೆ. ನಾಳೆಯೇ ಯುದ್ಧ ನಿಂತರೂ ಕೊಟ್ಟುಬಿಟ್ಟ ಕ್ಷಿಪಣಿ, ಗುಂಡುಗಳ ಜಾಗ ತುಂಬಲು ವರ್ಷಗಳು ಬೇಕು. ರೈನ್‌ಮೆಟಾಲ್ 2024ರ ಕೊನೆಗೆ ತನ್ನ ಕೈಯಲ್ಲಿ 5,500 ಕೋಟಿ ಯೂರೋ ಕೆಲಸ ಇದೆ ಅಂತ ಹೇಳಿತ್ತು. ಆ ವರ್ಷದ ವ್ಯಾಪಾರ ಸುಮಾರು 1,000 ಕೋಟಿ ಯೂರೋ. ಐದು ವರ್ಷಕ್ಕೂ ಮೀರಿದ ಕೆಲಸ ಅದು. ಬೆಲೆ ದುಬಾರಿ ಎಂಬುದನ್ನು ಒಪ್ಪುತ್ತೇನೆ, ಬೇಡಿಕೆ ಬೇಗ ಕುಸಿಯುತ್ತದೆ ಎಂಬುದನ್ನು ಒಪ್ಪುವುದಿಲ್ಲ.

ಹಳೆಲೆಕ್ಕ:
ಬೇಡಿಕೆ ಕುಸಿಯದೆಯೂ ಷೇರು ಅರ್ಧಕ್ಕೆ ಬರಬಹುದು ಸರ್, ಜನ ಎಣಿಸಿದ್ದಕ್ಕಿಂತ ಬೆಳವಣಿಗೆ ಸ್ವಲ್ಪ ನಿಧಾನವಾದರೆ ಸಾಕು. ಉಳಿದಂತೆ ನಿಮ್ಮ ಮಾತು ಒಪ್ಪಿದೆ.

ನಿಧಾನಿ:
ಎಲ್ಲರ ಮಾತು ಎರಡು ಸಲ ಓದಿದೆ. ಹೀಗೆ ಮಾಡಬೇಕು ಅಂತಿದ್ದೇನೆ. ಶೇ. 5ರ ಬದಲು ಶೇ. 3. ಒಂದೇ ಸಲ ಹಾಕುವುದಿಲ್ಲ, ಒಂದು ವರ್ಷದಲ್ಲಿ ಹಂತಹಂತವಾಗಿ. ಐರ್ಲೆಂಡಿನಲ್ಲಿ ನೋಂದಾಯಿತವಾದ, ಹಲವು ದೇಶಗಳ ಕಂಪನಿ ಇರುವ, ವಿವಾದಿತ ಶಸ್ತ್ರ ಹೊರಗಿಡುವ ಫಂಡ್. ಬೆಳೆದು ಶೇ. 5 ದಾಟಿದರೆ ಮಾರಿ ಮತ್ತೆ ಶೇ. 3ಕ್ಕೆ ತರುತ್ತೇನೆ. ಬಿದ್ದರೆ ಹೊಸ ಹಣ ಸುರಿಯುವುದಿಲ್ಲ. ಜಾಗತಿಕ ಫಂಡ್‌ನಲ್ಲಿ ಇವೇ ಕಂಪನಿಗಳ ಸಣ್ಣ ಪಾಲು ಇದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಕೊನೆಯದಾಗಿ, ಡಿವಿಡೆಂಡ್ ಕೈಗೆ ಕೊಡುವ ಬಗೆ ಮತ್ತು ಒಳಗೇ ಮರುಹೂಡಿಕೆ ಮಾಡುವ ಬಗೆ, ಇವೆರಡರಲ್ಲಿ ಯಾವುದು?

ಗಡಿಯಾಚೆ:
ನಿಮ್ಮ ದೇಶದಲ್ಲಿ ಡಿವಿಡೆಂಡ್‌ಗೆ ಪ್ರತಿವರ್ಷ ತೆರಿಗೆ ಕಟ್ಟಬೇಕಾಗಿದ್ದು, ಆ ಹಣ ಈಗ ಖರ್ಚಿಗೆ ಬೇಡವಾದರೆ ಮರುಹೂಡಿಕೆಯ ಬಗೆಯೇ ಸಲೀಸು. ಕೆಲವು ದೇಶಗಳಲ್ಲಿ ಕೈಗೆ ಬಾರದ ಡಿವಿಡೆಂಡ್‌ಗೂ ತೆರಿಗೆ ಲೆಕ್ಕ ಹಾಕುತ್ತಾರೆ. ಅಲ್ಲಿ ಇದ್ದರೆ ಆ ಅನುಕೂಲ ಇಲ್ಲ. ವ್ಯಾನ್‌ಎಕ್ ಡಿಫೆನ್ಸ್ ಮರುಹೂಡಿಕೆಯ ಬಗೆಯದು. ಶುಲ್ಕ ವರ್ಷಕ್ಕೆ ಶೇ. 0.55, ನಿಮ್ಮ ಜಾಗತಿಕ ಫಂಡ್‌ಗಿಂತ ಜಾಸ್ತಿಯೇ ಇರುತ್ತದೆ. ಕೊಳ್ಳುವ ದಿನ ಆ ಎಕ್ಸ್‌ಚೇಂಜ್ ಜೊತೆಗೆ ಒಳಗಿನ ಷೇರುಗಳ ಪೇಟೆಗಳೂ ತೆರೆದಿರುವ ಹೊತ್ತಿನಲ್ಲಿ ಲಿಮಿಟ್ ಆರ್ಡರ್, ಅಂದರೆ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಅಂತ ಬೆಲೆ ಗೊತ್ತುಮಾಡಿದ ಆರ್ಡರ್ ಹಾಕಿ. ಮುಚ್ಚಿದ ಪೇಟೆಯ ಷೇರುಗಳಿಗೆ ಅಂದಾಜಿನ ಬೆಲೆ ಇಟ್ಟು, ಕೊಳ್ಳುವ ಮಾರುವ ದರಗಳ ನಡುವಿನ ಅಂತರ ಹಿಗ್ಗಿರುತ್ತದೆ.